ತೆಗೆಸಿದ ಡಬ್ಬಿ

ರಾಣೆಬೆನ್ನೂರಿನ ಆ ಮೆಕ್ಯಾನಿಕ್ ಬಾನೆಟ್ ಎತ್ತಿದೊಡನೆ ಕೈ ಹಿಂದೆ ಕಟ್ಟಿ, ಕಣ್ಣು ಮುಚ್ಚಿ, ಬಗ್ಗಿ ವಾಸನೆ ನೋಡುತ್ತಿದ್ದರು. ಏನು ಕೇಳಿದರೂ "ತಡೀರಿ, ಅವಸರ ಬ್ಯಾಡ" ಎನ್ನುತ್ತಿದ್ದರು.

ನನ್ನ ಹಳೆಯ ಕಾರಿನಲ್ಲಿ ಪೆಟ್ರೋಲಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯೊಂದಿತ್ತು. ಅದನ್ನು ತೆಗೆಸಿದರೆ ಗಾಡಿ ಚುರುಕಾಗಿ ಓಡುತ್ತದೆ ಎಂದು ಬ್ಯಾಡಗಿಯ ಗೆಳೆಯನೊಬ್ಬ ಹೇಳಿದ್ದ. ಮೆಕ್ಯಾನಿಕ್ ಎರಡು ಸಲ ಬೇಡವೆಂದರು. ನಾನು ಹಟ ಹಿಡಿದೆ, ತೆಗೆದುಕೊಟ್ಟರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹಾವೇರಿಗೆ ಬಂದು, ಆ ಡಬ್ಬಿ ಹಿಡಿದುಕೊಂಡು ನಮ್ಮ ಮನೆ ಮುಂದೆ ನಿಂತಿದ್ದರು.

"ಗಾಡಿ ಎಲ್ಲಿ ನಿಲ್ಸೀರಿ?"

"ಶೆಡ್ಡಿನಾಗ ಐತ್ರಿ, ಅಡಗಿಮನಿ ಮಗ್ಗಲಕ್ಕ."

ಅವರು ಶೆಡ್ಡಿನ ಕಡೆ ಓಡಿದರು. ಶೆಡ್ಡಿನ ಬಾಗಿಲು ತೆರೆದರೆ, ಡಬ್ಬಿ ತೆಗೆದ ಜಾಗದಲ್ಲಿ ಬಾಯಿ ತೆರೆದಿದ್ದ ಪೈಪಿನಿಂದ ಬಂದ ಪೆಟ್ರೋಲ್ ವಾಸನೆ ಒಳಗೆಲ್ಲ ತುಂಬಿತ್ತು. ಒಲೆ ಹಚ್ಚಬೇಡವೆಂದು ನಾನು ಹೆಂಡತಿಗೆ ಕೂಗಿ ಹೇಳಿದೆ. ಇಬ್ಬರೂ ಕಾರನ್ನು ಬಯಲಿಗೆ ತಳ್ಳಿದೆವು. ಡಬ್ಬಿಯನ್ನು ಅವರು ಮತ್ತೆ ಕೂಡಿಸಿದರು.

"ಹಟ ಮಾಡಿದ್ದು ನನ್ನ ತಪ್ಪು," ಎಂದೆ.

"ನೀವು ಕೇಳಿದ್ದು ಖರೇರಿ. ಆದ್ರ ತಿಳದಾಂವ ನಾ ಇದ್ದೆ. ತೆಗೀಬಾರದಿತ್ತು."

ಚಹಾಕ್ಕೆ ಕರೆದೆ. "ಅಗಡಿ ಊರಾಗೂ ಒಂದು ಗಾಡಿಗೆ ಹಿಂಗ ತೆಗದುಕೊಟ್ಟೀನ್ರಿ," ಎಂದವರು, ಕೈ ಕೂಡ ತೊಳೆಯದೆ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು.