ಒಂದೇ ಉಸಿರಿನ ಮಾವ

ಸೋಮವಾರ ಕೆಲಸಕ್ಕೆ ಮರಳಿದರೆ ಆರು ತಿಂಗಳ ಮಗಳ ಗತಿಯೇನು ಎಂಬ ಯೋಚನೆ ಆ ತಾಯಿಯ ತಲೆ ಕೊರೆಯುತ್ತಲೇ ಇತ್ತು. ನಾನು ನೋಡಿಕೊಳ್ಳುತ್ತೇನೆಂದು ಅಕ್ಕ ಮೂರು ಸಲ ಹೇಳಿದ್ದರೂ ಇವಳ ಬಾಯಿಂದ ಹೂಂ ಹೊರಟಿರಲಿಲ್ಲ. ಮಧ್ಯಾಹ್ನ ಮಗುವನ್ನು ಮಲಗಿಸಲು ಅವಳು ಎದುರು ಬೀದಿಯ ವಸ್ತುಸಂಗ್ರಹಾಲಯದ ತಣ್ಣನೆಯ ಹಜಾರಕ್ಕೆ ಬರುತ್ತಿದ್ದಳು. ಅಲ್ಲಿ ತೂಗುಹಾಕಿದ್ದ ತಿಮಿಂಗಿಲದ ಅಸ್ಥಿಪಂಜರಕ್ಕೊಬ್ಬ ಕಾವಲುಗಾರನಿದ್ದ, ಮಕ್ಕಳ ಬಾಯಲ್ಲಿ ತಿಮಿಂಗಿಲ ಮಾವ. ಬಾಗಿಲು ತೆರೆದೊಡನೆ ಅದರ ದವಡೆ ಒರೆಸಿ, "ನಮ್ಮಮ್ಮಾವ್ರಿಗೆ ನಿದ್ದೆ ಬಂತಾ?" ಎಂದು ಆ ತಿಮಿಂಗಿಲವನ್ನೇ ವಿಚಾರಿಸುವನು. ಬಂದವರಿಗೆಲ್ಲ ಅವನದು ಒಂದೇ ಪರೀಕ್ಷೆ: ಬಾಲದಿಂದ ದವಡೆಯವರೆಗೆ ಉಸಿರು ಬಿಗಿಹಿಡಿದು ನಡೆಯಬೇಕು. "ಇಷ್ಟಕ್ಕೇ ಏದುಸಿರಾ? ನಮ್ಮಮ್ಮಾವ್ರು ಒಂದೇ ಉಸಿರಲ್ಲಿ ಮೈಲಿ ಆಳಕ್ಕಿಳಿದು, ಮುಕ್ಕಾಲು ಗಂಟೆ ಬೇಟೆಯಾಡಿ ಬರ್ತಾರೆ! ಬಾಲ ಬೀಸಿದ್ರೆ ದೋಣಿ ಪುಡಿಪುಡಿ!" ಅವನಂತೂ ಒಮ್ಮೆಯೂ ಗೆದ್ದವನಲ್ಲ, ಏಳನೆಯ ಪಕ್ಕೆಲುಬಿನ ಹೊತ್ತಿಗೆ ಮಾತು ತಡೆಯಲಾಗದೆ ಬಾಯಿಬಿಡುತ್ತಿದ್ದ. ಅವನು ಹೇಳುವ ಆಳವೂ ದಿನದಿನಕ್ಕೆ ಬೆಳೆದು, ಶನಿವಾರದ ಹೊತ್ತಿಗೆ ಸಮುದ್ರವೇ ಸಾಲುತ್ತಿರಲಿಲ್ಲ. ಆ ಶನಿವಾರ ಅವಳೇ ಕೇಳಿಬಿಟ್ಟಳು, "ಮರೀನೂ ಜೊತೆಗೇ ಇಳಿಯುತ್ತಾ?" ಅವನ ದನಿ ತಗ್ಗಿತು. "ಇಲ್ಲಮ್ಮಾ, ಮರಿಗೆ ಅಷ್ಟು ದಮ್ಮೆಲ್ಲಿ? ಹೊಟ್ಟೆಪಾಡಿಗೆ ಅಮ್ಮ ಇಳೀಲೇಬೇಕು. ಅಲ್ಲಿವರೆಗೂ ಮೇಲೆ ಬೇರೆ ಹೆಣ್ಣುಗಳು ಮರಿ ಜೊತೆಗಿರ್ತಾವೆ. ನಾನೂ ದೊಡ್ಡಮ್ಮನ ಮಡಿಲಲ್ಲೇ ಬೆಳೆದೋನು. ಸಂಜೆ ಅಮ್ಮನ ಚಪ್ಪಲಿ ಸದ್ದು ಕೇಳಿದ್ರೆ ಸಾಕು, ತಟ್ಟೆ ಬಿಟ್ಟು ಓಡ್ತಿದ್ದೆ. 'ಹೋಗೋ, ಉಂಡಿದ್ದೆಲ್ಲ ಮರೆತೋನೆ' ಅಂತ ದೊಡ್ಡಮ್ಮ ನಗೋರು." ಅವಳು ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗಿನ ಮೆಟ್ಟಿಲಿಗೆ ಬಂದು ಫೋನ್ ಮಾಡಿದಳು. "ಅಕ್ಕಾ, ಸೋಮವಾರ ಎಂಟಕ್ಕೇ ಬಂದ್ಬಿಡ್ತೀಯಾ? ಅವಳು ಅತ್ರೆ ನಂಗೊಂದು ಫೋನ್ ಮಾಡು." ಮಗುವಿನ ಬೆನ್ನು ಸವರುತ್ತಾ ಸೇರಿಸಿದಳು: "ಅಳದೇ ಇದ್ರೂ ಮಾಡು."