ಅಪ್ಪನ ಸ್ವೀಡನ್ ಯಂತ್ರ

ನನ್ನ ತಮ್ಮ ಮೈಸೂರಿನಿಂದ ಕಳಿಸಿದ ಪಾರ್ಸೆಲ್ ಬಿಚ್ಚಿದಾಗ ಮೊದಲು ಬಂದದ್ದು ಇಂಗಿನ ವಾಸನೆ. ಹಪ್ಪಳ, ಚಟ್ನಿಪುಡಿ, ಅಮ್ಮನದೊಂದು ಸೀರೆ. ಸೀರೆಯ ಮಡಿಕೆಯೊಳಗೆ ಒಂದು ಕ್ಯಾಸೆಟ್. ತೀರಿಹೋದ ಅಪ್ಪನ ಬೀರು ಖಾಲಿ ಮಾಡುವಾಗ ಸಿಕ್ಕಿತೆಂದು ತಮ್ಮ ಚೀಟಿ ಬರೆದಿದ್ದ. ಮೇಲೆ ಅಪ್ಪನ ದುಂಡಗಿನ ಅಕ್ಷರದಲ್ಲಿ ‘ಸ್ಟೋರ್ಸ್’ ಎಂದಿತ್ತು. ಓದಿದ್ದೇ ತಡ, ಮಲೇಷ್ಯಾದ ಸುಬಾಂಗ್ ಜಯಾದ ಈ ಸೆಕೆಯಲ್ಲೂ ನನ್ನ ಅಂಗೈ ತಣ್ಣಗಾಯಿತು.

ಐವತ್ತೈದು ದಾಟಿದ ಹೆಂಗಸು ಕ್ಯಾಸೆಟ್ಟಿಗೆ ಹೆದರುವುದುಂಟೇ ಎಂದು ನೀವು ನಗಬಹುದು. ನಗಿ. ನಾನಂತೂ ಅದನ್ನು ಅಕ್ಕಿಡಬ್ಬದ ಹಿಂದಕ್ಕೆ ತಳ್ಳಿ, ನಾಲ್ಕು ದಿನ ಆ ಕಡೆ ಕಣ್ಣು ಹಾಯಿಸದೆ ಅನ್ನಕ್ಕಿಟ್ಟೆ.

ನನ್ನಪ್ಪ ಬೆಂಗಳೂರಿನ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಇಂಜಿನಿಯರು. ತರಬೇತಿಗೆಂದು ಆರು ತಿಂಗಳು ಸ್ವೀಡನ್ನಿಗೆ ಹೋದವರು ಹಿಂದಿರುಗುವಾಗ ಸೆಂಟು, ಚಾಕಲೇಟಿನ ಬದಲು ಕಂಪ್ಯೂಟರ್ ಹೊತ್ತು ತಂದರು. ಅಲ್ಲಿ ಟಿವಿ, ರೇಡಿಯೋ ಮಾಡುವ ಕಾರ್ಖಾನೆಯೊಂದು ಮನೆಮಂದಿಗೆಂದೇ ಮಾಡಿದ್ದಂತೆ. ಕೀಲಿಮಣೆಯ ಹೊಟ್ಟೆಯಲ್ಲೇ ಇಡೀ ಯಂತ್ರ, ಪಕ್ಕದಲ್ಲಿ ಟಿವಿಯಂಥ ಪರದೆ. ಕೆಲವು ಅಕ್ಷರಗಳ ನೆತ್ತಿಯ ಮೇಲೆ ಚುಕ್ಕೆಗಳಿದ್ದವು, ಒಂದರ ಮೇಲೆ ಸಣ್ಣ ಬಳೆ. ಆ ದೇಶದ ಎಬಿಸಿಡಿಗೆ ಒಡವೆ ಹಾಕುತ್ತಾರೆಂದು ನಾನು ಬಹಳ ದಿನ ನಂಬಿದ್ದೆ.

ಭಾನುವಾರ ಬಂತೆಂದರೆ ನೆರೆಹೊರೆಯವರೆಲ್ಲ ನಮ್ಮ ಹಜಾರದಲ್ಲಿ. ಅಲ್ಲಿನ ಶಾಲೆಶಾಲೆಗಳಲ್ಲೂ ಇದೇ ಇದೆ, ಇನ್ನೈದು ವರ್ಷಕ್ಕೆ ಇಲ್ಲೂ ಇರುತ್ತದೆ ಎಂದು ಅಪ್ಪ ಹೇಳುವಾಗ ಅವರ ಕುತ್ತಿಗೆ ಒಂದಂಗುಲ ಉದ್ದವಾಗುತ್ತಿತ್ತು. ಅಮ್ಮ ಅದಕ್ಕೆ ಕ್ರೋಶಾದ ಹೊದಿಕೆ ಹೆಣೆದಳು. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಬಿತ್ತು. ಕೀಲಿಗಳ ಸಂದಿಗೆ ಇಳಿದ ಕುಂಕುಮವನ್ನು ಅಪ್ಪ ಅಮ್ಮನ ಹೇರ್‌ಪಿನ್ನಿನಿಂದ ಒಂದು ವಾರ ಕೆದಕಿ ತೆಗೆದರು.

ಆ ಯಂತ್ರದ ನೆನಪೆಲ್ಲ ಕ್ಯಾಸೆಟ್ಟಿನಲ್ಲಿ, ನಾವು ಹಾಡು ಕೇಳುವಂಥದೇ ಮಾಮೂಲಿ ಕ್ಯಾಸೆಟ್. ಬಿಡಿಭಾಗದ ನಂಬರು ಒತ್ತಿದರೆ ಅದು ಉಗ್ರಾಣದ ಯಾವ ಕಪಾಟಿನಲ್ಲಿದೆ ಎಂದು ಹೇಳುವ ಪ್ರೋಗ್ರಾಮನ್ನು ಅಪ್ಪ ಒಂದು ವರ್ಷ ಸಂಜೆಸಂಜೆ ಕೂತು ಬರೆದು ‘ಸ್ಟೋರ್ಸ್’ ಎಂದು ಹೆಸರಿಟ್ಟರು. ಮ್ಯಾನೇಜರು ಮೆಚ್ಚಿದರೆ ಕಾರ್ಖಾನೆಗೆಲ್ಲ ಇದೇ ಯಂತ್ರ ತರಿಸುವುದೆಂದು ಮಾತಾಗಿತ್ತು. ಅಮ್ಮನ ದೇವರನಾಮದ ಕ್ಯಾಸೆಟ್ಟಿನ ಅಂಚಿನಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಒಮ್ಮೆ ಅಪ್ಪ ನನ್ನೆದುರೇ ಮುರಿದಿದ್ದರು. ಬದಿಗೆ ಒಂದರಂತೆ ಎರಡು ಹಲ್ಲು.

“ಉಳೀಬೇಕು ಅನ್ನೋದಕ್ಕೆ ಹಲ್ಲು ಮುರೀಬೇಕು ಪುಟ್ಟಿ. ಆಮೇಲೆ ಅದರ ಮೇಲೆ ಯಾರೂ ಇನ್ನೊಂದು ತುಂಬೋಕಾಗಲ್ಲ.”

ಅಪ್ಪ ತಮ್ಮದೇ ಪ್ರೋಗ್ರಾಮಿನ ಕ್ಯಾಸೆಟ್ಟಿಗೆ ಮಾತ್ರ ಮುರಿದಿರಲಿಲ್ಲ. ದಿನವೂ ತಿದ್ದುವುದಿತ್ತಲ್ಲ.

ಆಗ ನನಗೆ ಹತ್ತು ವರ್ಷ. ಕಾನ್ವೆಂಟಿನ ವಾರ್ಷಿಕೋತ್ಸವಕ್ಕೆ ಸ್ವಾಗತ ಭಾಷಣ ನನ್ನ ಪಾಲಿಗೆ ಬಂದಿತ್ತು. ನಿನ್ನ ದನಿ ನೀನೇ ಕೇಳಿಸಿಕೊಂಡರೆ ಉಚ್ಚಾರ ತಿದ್ದಿಕೊಳ್ಳುತ್ತೀಯ ಎಂದು ಸಿಸ್ಟರ್ ಹೇಳಿದ್ದರು. ಮನೆಯಲ್ಲಿದ್ದ ಟೇಪ್‌ರೆಕಾರ್ಡರಿಗೆ, ಮೇಲಿನ ಹೆಸರೂ ನೋಡದೆ, ಕೈಗೆ ಸಿಕ್ಕಿದ ಕ್ಯಾಸೆಟ್ ಹಾಕಿದೆ. ಕಿವಿ ಕೊರೆಯುವ ಕರ್ಕಶ ಸದ್ದು. ಪಾಪ, ಕೆಟ್ಟುಹೋಗಿದೆ, ಇನ್ನು ಯಾರಿಗೆ ಬೇಕು ಎಂದುಕೊಂಡು ರೆಕಾರ್ಡ್ ಗುಂಡಿ ಒತ್ತಿ ಭಾಷಣ ಶುರು ಮಾಡಿದೆ.

ಅದೇ ಸಂಜೆ ಅಪ್ಪ ಯಾರಿಗೋ ವಿವರಿಸುತ್ತಿದ್ದದ್ದು ಕಿವಿಗೆ ಬಿತ್ತು. ಟೇಪಿನ ಆ ಕರ್ಕಶ ಸದ್ದಿದೆಯಲ್ಲ, ಅದೇ ಪ್ರೋಗ್ರಾಮು, ಯಂತ್ರಕ್ಕೆ ಅರ್ಥವಾಗುವುದು ಆ ಭಾಷೆ ಮಾತ್ರ ಎಂದು. ತಿನ್ನುತ್ತಿದ್ದ ಚಕ್ಕುಲಿ ಬಿಟ್ಟು ಹೋಗಿ, ಕ್ಯಾಸೆಟ್ಟನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಬಂದೆ.

ತಿದ್ದುವುದೆಲ್ಲ ಆಗಲೇ ಮುಗಿದಿದ್ದರಿಂದ ಅಪ್ಪ ಆ ಟೇಪು ಮತ್ತೆ ಹಾಕಲಿಲ್ಲ. ಮ್ಯಾನೇಜರಿಗೆ ತೋರಿಸುವುದಕ್ಕೆ ಇನ್ನೂ ಮೂರು ದಿನವಿತ್ತು. ಹೇಳಿಬಿಡಬಹುದಿತ್ತು. ಶಾಲೆಯ ಕ್ರೈಸ್ತ ಹುಡುಗಿಯರು ಚಾಪೆಲ್ಲಿನಲ್ಲಿ ಪಾದ್ರಿ ಕೂತ ಪೆಟ್ಟಿಗೆಯ ಮುಂದೆ ಮಂಡಿಯೂರಿ ತಪ್ಪು ಒಪ್ಪಿಕೊಂಡು ನಗುನಗುತ್ತ ಬರುವುದನ್ನು ಕಂಡು ಹೊಟ್ಟೆಕಿಚ್ಚಾಯಿತು. ನನಗೆ ಅಂಥ ಪೆಟ್ಟಿಗೆ ಇರಲಿಲ್ಲ. ಮ್ಯಾನೇಜರಿಗೆ ತೋರಿಸುವ ದಿನ ಅಪ್ಪ ಇಸ್ತ್ರಿ ಶರ್ಟು ತೊಟ್ಟು, ಯಂತ್ರವನ್ನು ಹಳೆಯ ಜಮಖಾನದಲ್ಲಿ ಸುತ್ತಿ, ಕೂಸಿನಂತೆ ಎತ್ತಿಕೊಂಡು ಆಟೋ ಹತ್ತಿದರು. ಊಟದ ಹೊತ್ತಿಗೆ ಮುಂಚೆಯೇ ಮರಳಿದರು. ಟೇಪು ಓದಲಿಲ್ಲ, ಧೂಳಿರಬೇಕು ಎಂದಷ್ಟೇ ಅಮ್ಮನಿಗೆ ಹೇಳಿ ಕಾಲು ತೊಳೆಯಲು ಹೋದರು. ನಾನು ಬಾಗಿಲ ಹಿಂದಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಆಮೇಲೆ ಎಷ್ಟೋ ವರ್ಷ ಅಪ್ಪ ‘ಪುಟ್ಟೀ’ ಎಂದು ಕರೆದಾಗಲೆಲ್ಲ ನಾನು ಹೆಗಲು ಮುಟ್ಟಿಕೊಂಡೆ.

ಕಾರ್ಖಾನೆಗೆ ಅಮೆರಿಕದ ಯಂತ್ರಗಳು ಬಂದವು. ಅಪ್ಪ ಆ ಪ್ರೋಗ್ರಾಮನ್ನು ಮತ್ತೆ ಬರೆಯಲಿಲ್ಲ. ಕ್ರೋಶಾದ ಹೊದಿಕೆಯ ಮೇಲೆ ದಸರಾ ಬೊಂಬೆಗಳು ಬಂದು ಕೂತವು. ಮುಂದೆ ಯಂತ್ರ ಬೀರುವಿನ ನೆತ್ತಿಗೇರಿತು, ಅಲ್ಲಿಂದ ಎಲ್ಲಿಗೆ ಹೋಯಿತೋ. ಆ ಯಂತ್ರವನ್ನು ಕೊಂದವಳು ನಾನೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಶನಿವಾರ ನಿಲಾಯ್ ಊರಿನ ಕಾಲೇಜಿನಿಂದ ಮಗಳು ಮೇಘಾ ಬಂದಳು. ಅಲ್ಲಿ ಕಂಪ್ಯೂಟರೇ ಓದುತ್ತಾಳೆ. ಅಕ್ಕಿ ತೆಗೆಯಹೋಗಿ ಕ್ಯಾಸೆಟ್ ಹಿಡಿದು ನಿಂತಳು.

“ಅಮ್ಮಾ, ವೈ ಈಸ್ ದಿಸ್ ಹೈಡಿಂಗ್ ಬಿಹೈಂಡ್ ದ ರೈಸ್?”

“ಹಾಳಾಗಿದೆ ಕಣೇ, ಮುಟ್ಟಬೇಡ,” ಎಂದೆ. ನನ್ನ ದನಿ ಕೇಳಿ ಅವಳು ಕುರ್ಚಿ ಎಳೆದುಕೊಂಡು ಕೂತಳು. ಸೊಪ್ಪು ಬಿಡಿಸುತ್ತ ಎಲ್ಲ ಹೇಳಿದೆ, ಮೊದಲ ಸಲ. ಅವಳು ಫೋನಿನಲ್ಲಿ ಏನೇನೋ ಓದಿದಳು. ತವರು ಸ್ವೀಡನ್ನಿನಲ್ಲೂ ಆ ಯಂತ್ರದ ಕಥೆ ಅಷ್ಟೇ ಆಗಿತ್ತಂತೆ. ಕೆಲವು ವರ್ಷ ಮೆರೆಯಿತು, ಅಮೆರಿಕದವು ಬಂದ ಮೇಲೆ ಮೂಲೆಗೆ ಬಿತ್ತು, ಅದನ್ನು ಮಾಡುತ್ತಿದ್ದ ಕಾರ್ಖಾನೆಯೂ ಬೇರೆಯವರ ಕೈಸೇರಿತು.

“ಇಟ್ ವಾಸ್ ಡೈಯಿಂಗ್ ಎನಿವೇ ಲಾ. ನಾಟ್ ಯು,” ಎಂದಳು, ಇಲ್ಲಿನವರಂತೆ ಮಾತಿಗೊಂದು ‘ಲಾ’ ಸೇರಿಸಿ.

ಇರಬಹುದು. ಆದರೆ ಆ ಇಸ್ತ್ರಿ ಶರ್ಟು?

ಪಕ್ಕದ ಮನೆಯ ಸೆಲ್ವಿ ಅಕ್ಕ ಇನ್ನೂ ಟೇಪ್‌ರೆಕಾರ್ಡರಿನಲ್ಲೇ ಸುಪ್ರಭಾತ ಕೇಳುವವರು. ಮೇಘಾ ಹೋಗಿ ಅದನ್ನು ಹೊತ್ತು ತಂದಳು, ಹಿಂದೆಯೇ ಅಕ್ಕನೂ ಬಂದರು. “ಪೋಡು ಮಾ, ಎನ್ನ ಭಯಂ,” ಎಂದು ನನ್ನ ಭುಜ ತಟ್ಟಿದರು, ಹಾಕು, ಭಯವೇನು ಎಂದು. ಭಯವೇನೆಂದು ಹೇಗೆ ಹೇಳಲಿ? ಕಣ್ಣು ಮುಚ್ಚಿ ಗುಂಡಿ ಒತ್ತಿದೆ.

ಕೀಚಲು ದನಿಯೊಂದು ರೆವರೆಂಡ್ ಮದರನ್ನೂ ಪೂಜ್ಯ ಟೀಚರುಗಳನ್ನೂ ಸ್ವಾಗತಿಸಿತು. ಮಧ್ಯೆ ದೂರದಿಂದ ಅಮ್ಮ, “ಪುಟ್ಟೀ, ಹಾಲು ನೋಡೇ,” ಎಂದಳು. ಟಕ್ ಎಂದಿತು. ಆಮೇಲೆ ಆ ಕರ್ಕಶ ಸದ್ದು, ಅಪ್ಪನ ಒಂದು ವರ್ಷದಲ್ಲಿ ಉಳಿದಷ್ಟು.

ಕ್ಯಾಸೆಟ್ ಹೊರತೆಗೆದಾಗ ಹೆಬ್ಬೆರಳು ಅಂಚಿನಲ್ಲೊಂದು ಕಿಂಡಿಗೆ ತಾಗಿತು. ನಾನು ಮಾತಾಡಿದ್ದ ಬದಿಯ ಹಲ್ಲು ಮುರಿದಿತ್ತು. ಇನ್ನೊಂದು ಬದಿಯದು ಹಾಗೇ ಇತ್ತು. ಅಂದು ಅದು ಮುರಿದಿದ್ದರೆ ನನ್ನ ಭಾಷಣ ಅದರಲ್ಲಿ ಕೂರುತ್ತಲೇ ಇರಲಿಲ್ಲ. ಅಂದರೆ ಮುರಿದದ್ದು ಆಮೇಲೆ. ಅಪ್ಪ ಪೂರ್ತಿ ಕೇಳಿದ್ದರು. ಮೇಲಿನ ‘ಸ್ಟೋರ್ಸ್’ ಎಂಬ ಹೆಸರನ್ನು ಮಾತ್ರ ಬದಲಿಸಿರಲಿಲ್ಲ, ಅಪ್ಪನಿಗೆ ಗೊತ್ತಾಗಿದೆಯೆಂದು ನಾನು ಬೆಚ್ಚಿಬೀಳಬಾರದೆಂದೋ ಏನೋ.

ಕ್ಯಾಸೆಟ್ ಈಗ ದೇವರ ಗೂಡಿನಲ್ಲಿದೆ. ಕುಂಕುಮ ಇಟ್ಟಿಲ್ಲ. ಕಿಂಡಿಯೊಳಗೆ ಇಳಿದರೆ ಅಪ್ಪ ಹೇರ್‌ಪಿನ್ ಹುಡುಕಬೇಕಾಗುತ್ತದೆ.