ಯಾರು ಕಾಡಿಗೆ ಹೋಗಬೇಕು

ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ ಎಂದು ಊರಿಗೆ ಬಂದು ಮೊದಲು ಹೇಳಿದವರು ನಮ್ಮ ಮನೆಯವರೇ. ಅದಾದ ಕೆಲವೇ ದಿನಗಳಲ್ಲಿ, ದನಗಳನ್ನು ಹೊಡೆದುಕೊಂಡು ಬಂದ ಇವರು ಜಗಲಿಯ ಮೇಲೆ ತಲೆ ಹಿಡಿದು ಕೂತರು. ಮೈ ಸುಡುತ್ತಿತ್ತು. ಸೊಂಟ ಮುರಿದ ಹಾಗಾಗಿದೆ ಎಂದರು.

ಆಮೇಲೆ ಮೂಗಿನಿಂದ ರಕ್ತ ಬಂತು.

ನಮ್ಮದು ಹೊಸಬಾಳೆಯ ಹತ್ತಿರದ ಸಣ್ಣ ಊರು. ನನ್ನ ಗಂಡ ಹುಚ್ಚಪ್ಪ ಊರಿನ ಎಲ್ಲರ ದನಗಳನ್ನೂ ಕಾಡಿನಲ್ಲಿ ಮೇಯಿಸುವವರು. ಅದಕ್ಕೆ ಮನೆಮನೆಯವರು ಕೊಡುವ ಭತ್ತದಲ್ಲಿ ನಮ್ಮ ಜೀವನ. ಇವರನ್ನು ಪಟೇಲರ ಗಾಡಿಯಲ್ಲಿ ಶಿರಾಳಕೊಪ್ಪಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಶಿಕಾರಿಪುರದ ಆಸ್ಪತ್ರೆಗೆ ಕರೆದೊಯ್ದೆವು.

"ಇದಕ್ಕೇ ಅಂತ ಔಷಧಿ ಇಲ್ಲಮ್ಮ. ಗ್ಲೂಕೋಸ್ ಕೊಡ್ತೀವಿ. ಉಳಿದದ್ದು ಅವರ ಮೈಯೇ ಮಾಡ್ಬೇಕು," ಎಂದರು ಡಾಕ್ಟರು. ಕಾಡಿನ ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚಿ ಬರುವ, ಮಂಗಗಳನ್ನೂ ಕೊಲ್ಲುವ ಜ್ವರವೆಂಬ ಅನುಮಾನವಿದೆ, ಸದ್ಯ ಯಾರೂ ಕಾಡಿಗೆ ಹೋಗಬೇಡಿ ಎಂದೂ ಹೇಳಿದರು.

ಅತ್ತೆಯನ್ನು ಇವರ ಬಳಿ ಕೂರಿಸಿ, ಅಕ್ಕಿ ತರಲು ಊರಿಗೆ ಬಂದೆ. ಪಟೇಲರ ಜಗಲಿಯಲ್ಲಿ ಜನ ಸೇರಿದ್ದರು. ಹುಚ್ಚಪ್ಪ ಏಳುವವರೆಗೆ ದನಗಳನ್ನು ತಿಮ್ಮ ಮೇಯಿಸಲಿ, ಭತ್ತದಲ್ಲಿ ಅರ್ಧ ಅವನಿಗೆ, ಅರ್ಧ ನಮಗೆ ಎಂದು ಮಾತಾಗಿತ್ತು. ನನ್ನ ಒಪ್ಪಿಗೆಯೊಂದು ಬೇಕಿತ್ತು. ತಿಮ್ಮ ಅವರಿವರ ಮನೆ ಕೆಲಸ ಮಾಡಿ ಉಣ್ಣುವ ಒಂಟಿ ಮನುಷ್ಯ. ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಅರ್ಧ ಭತ್ತವೆಂದಾಗ ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆಸ್ಪತ್ರೆಯ ಮಂಚದ ಮೇಲೆ ನರಳುತ್ತಿದ್ದ ಇವರ ಮುಖ ಕಣ್ಣ ಮುಂದೆ ಬಂತು.

"ಡಾಕ್ಟ್ರು ಬೇಡ ಅಂದಾರೆ, ಪಟೇಲ್ರೇ. ನಿಮ್ಮ ಮಗನ್ನ ಕಳಿಸ್ತೀರಾ? ಇಲ್ಲ ಅಲ್ದಾ. ಒಲ್ಲೆ ಅನ್ನೋಕಾಗದವನನ್ನ ಕಳಿಸೋದು ಯಾವ ನ್ಯಾಯ?"

ದನ ಉಪವಾಸ ಸಾಯಬೇಕೇ ಎಂದು ಒಬ್ಬರು ರೇಗಿದರು. ಕೊನೆಗೆ ಪಟೇಲರು, ಮಳೆ ಹಿಡಿಯುವವರೆಗೆ ದನಗಳು ಕೊಟ್ಟಿಗೆಯಲ್ಲೇ ಇರಲಿ, ಹುಲ್ಲಿನ ಬಣವೆ ಇದ್ದವರು ಇಲ್ಲದವರಿಗೂ ಕೊಡಲಿ ಎಂದರು. ಮೊದಲ ಹೊರೆ ಅವರ ಹಿತ್ತಲಿನಿಂದಲೇ ಹೋಯಿತು. ಎರಡು ಮನೆಯವರು ಕೊಡಲಿಲ್ಲ. ಹುಲ್ಲು ಸಾಲದೆ ಒಬ್ಬ ಮುದುಕಿಯ ಎಮ್ಮೆ ಸತ್ತಿತು. ಆಕೆ ನನ್ನೊಂದಿಗೆ ಇನ್ನೂ ಮಾತಾಡುವುದಿಲ್ಲ.

ಆಸ್ಪತ್ರೆಯಲ್ಲಿ ಜ್ವರ ಇಳಿಯಿತು. ಇನ್ನೇನು ಮನೆಗೆ ಹೋಗಬಹುದು ಎಂದುಕೊಂಡೆವು. ಅದು ಮತ್ತೆ ಏರಿತು.

ಇವರು ನನ್ನನ್ನೇ ನೋಡಿ, ನೀನು ಯಾರು ಎಂದು ಕೇಳಿದರು.

ಆ ದಿನಗಳನ್ನು ಬರೆಯಲು ನನ್ನಿಂದಾಗದು. ನಿಧಾನವಾಗಿ ಗುರುತು ಹಿಡಿದರು, ಗಂಜಿ ಕುಡಿದರು. ಗೋಡೆ ಹಿಡಿದು ನಡೆಯುವಷ್ಟಾದ ಮೇಲೆ ಮನೆಗೆ ಕರೆತಂದೆವು.

ನೋಡಲು ಬಂದ ತಿಮ್ಮ ಬಾಗಿಲ ಬಳಿ ಕೂತ. ಅವನನ್ನು ಉಳಿಸಿದೆನೆಂಬ ಭಾವ ನನ್ನೊಳಗೆ ಇತ್ತು. ಅವನು ಮೆಲ್ಲಗೆ ಹೇಳಿದ:

"ಅವತ್ತು ಅವ್ರೂ ನನ್ನ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ ಅಕ್ಕ. ಆ ಭತ್ತ ನನಗೂ ಬೇಕಿತ್ತು."

ನನ್ನ ಮಾತು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಅವನ ಪರವಾಗಿ ಆಡಿದ ಮಾತಿನಲ್ಲಿ ಅವನೇ ಇರಲಿಲ್ಲ.

ಈಗ ಮಳೆ ಹಿಡಿದಿದೆ. ಜ್ವರದ ಸುದ್ದಿ ತಗ್ಗಿದೆ, ದನ ಬಿಡಬಹುದೆಂದು ಡಾಕ್ಟರೂ ಹೇಳಿದ್ದಾರೆ. ಇವರಿಗೆ ದಿನವಿಡೀ ಅಲೆಯುವ ಶಕ್ತಿಯಿಲ್ಲ. ಮೊನ್ನೆ ಇಬ್ಬರೂ ತಿಮ್ಮನ ಗುಡಿಸಲಿಗೆ ಹೋದೆವು. ಕೆಲಸವನ್ನೂ ಭತ್ತವನ್ನೂ ಹಂಚಿಕೊಳ್ಳೋಣವೇ, ಬೇಡವೆನಿಸಿದರೆ ಬೇಡ ಎನ್ನು ಎಂದು ಇವರು ಕೇಳಿದರು.

ತಿಮ್ಮ ತಕ್ಷಣ ಹೂಂ ಎನ್ನಲಿಲ್ಲ. ಯೋಚಿಸಿದ. ನಾವು ಕಾದೆವು.

"ಕಾಡಿನ ಒಳಗೆ ಬೇಡ. ಮಳೆಗೆ ಕೆರೆ ಬಯಲಲ್ಲೂ ಹುಲ್ಲು ಚಿಗುರಿದೆ, ಅಲ್ಲಿಗಾದ್ರೆ ಬರ್ತೀನಿ," ಎಂದ.

ಇವರು ಆಗಲಿ ಎಂದರು.